ದೊರೆಸಾನಿಯ ಕೈಗುಣ

ಹುಳುಗಳು ನಾಲ್ಕನೇ ಜ್ವರದಲ್ಲಿದ್ದವು. ರೇಷ್ಮೆ ಹುಳು ಪೊರೆ ಕಳಚುವುದಕ್ಕೆ ಆ ಕಡೆ ಜ್ವರವೆಂದೇ ಹೆಸರು. ಆ ಒಂದು ದಿನ ಅವು ಸೊಪ್ಪು ಮುಟ್ಟುವುದಿಲ್ಲ. ತಲೆ ಎತ್ತಿಕೊಂಡು, ಯಾರದೋ ಮಾತಿಗೆ ಕಿವಿಗೊಟ್ಟವರ ಹಾಗೆ ಅಲುಗದೆ ಕೂತಿರುತ್ತವೆ. ಚಿಕ್ಕೀರನದೊಡ್ಡಿಯ ಹುಳುಮನೆಯಲ್ಲಿ ಶಶಿಕಿರಣ್ ಕನ್ನಡಕವನ್ನು ಹಣೆಗೇರಿಸಿ, ತಟ್ಟೆಯಿಂದ ತಟ್ಟೆಗೆ ಬಗ್ಗಿ ನೋಡುತ್ತ ಬಂದ. ಮೂತಿ ಕಪ್ಪಗೆ ಚೂಪಾಗಿದ್ದರೆ ಇನ್ನೂ ಜ್ವರ ಬಿಟ್ಟಿಲ್ಲ. ಅಗಲವಾಗಿ ಕಂದು ಬಣ್ಣಕ್ಕೆ ತಿರುಗಿದ್ದರೆ ಎದ್ದಿದೆ ಎಂದು ಲೆಕ್ಕ. ಅಲ್ಲೊಂದು ಇಲ್ಲೊಂದು ಆಗಲೇ ಎದ್ದಿದ್ದವು.

"ನಾಳೆ ಬೆಳಿಗ್ಗೆಗೆ ಎಲ್ಲ ಏಳ್ತವೆ, ಮುನಿಯಮ್ಮ. ಇವತ್ತು ಸುಣ್ಣ ಉದುರಿಸಿ ಬಿಡಿ. ಮುಕ್ಕಾಲು ಪಾಲು ಎದ್ದ ಮೇಲೇ ಮೊದಲ ಸೊಪ್ಪು."

ಮುನಿಯಮ್ಮ ಮಹಿಳಾ ಸಂಘದ ಮುಂದಾಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಸುಣ್ಣದ ಡಬ್ಬಿ ಹಿಡಿದು ಆಗಲೇ ನಿಂತಿದ್ದಳು. "ನಂಗೇ ಏಳ್ಕೊಡ್ತೀರಲ್ಲ ಸಾ. ನೀವ್ ಉಟ್ಟಕ್ ಮುಂಚಿಂದ್ಲೂ ಉಳ ಮೇಯಿಸ್ತಾವ್ನಿ."

"ಪಾಪ ಸುಮ್ಕಿರಕ್ಕ," ಎಂದಳು ಆಚೆ ಸಾಲಿನಿಂದ ಚೌಡಮ್ಮ. "ಎಮ್ಮೆಸ್ಸಿ ಓದವ್ರೆ. ಓದಿದ್ದ ಎಲ್ಲಾರ ಒಂದ್ಕಡೆ ಏಳ್ಬೇಕಲ್ವಾ? ಮನೇಲಿ ಕೇಳೋರಿಲ್ಲ, ಇನ್ನೂ ಮದ್ವೆ ಆಗಿಲ್ಲ."

ಹೆಂಗಸರೆಲ್ಲ ನಕ್ಕರು. ಶಶಿಕಿರಣನೂ ನಕ್ಕ.

ಅವನು ಮಾಗಡಿಯ ಕಿರಾಣಿ ಅಂಗಡಿಯವರ ಮಗ. ರೇಷ್ಮೆ ವಿಜ್ಞಾನದಲ್ಲಿ ಎಮ್ಮೆಸ್ಸಿ ಮಾಡಿ, ಯೂರೋಪಿನ ನೆರವಿನಿಂದ ನಡೆಯುವ ಒಂದು ಸಂಸ್ಥೆಯಲ್ಲಿ ಕ್ಷೇತ್ರಾಧಿಕಾರಿಯಾಗಿದ್ದ. ಈ ಹುಳುಮನೆ ಅವನದೇ ಯೋಜನೆ. ಮೊದಲು ದೊಡ್ಡಿಯ ಹೆಂಗಸರು ತಂತಮ್ಮ ನಡುಮನೆಯಲ್ಲೇ ಹುಳು ಸಾಕುತ್ತಿದ್ದರು. ಒಲೆಯ ಹೊಗೆ, ಒಗ್ಗರಣೆಯ ಘಾಟು, ಮಕ್ಕಳ ಓಡಾಟ ಎಲ್ಲದರ ನಡುವೆ. ಒಂದು ಮನೆಯಲ್ಲಿ ಬೆಳೆ ಕೆಟ್ಟರೆ ಇನ್ನೊಂದು ಮನೆಯಲ್ಲಿ ನಿಲ್ಲುತ್ತಿತ್ತು. ಅವನು ಎಲ್ಲರ ಹುಳುವನ್ನೂ ಒಂದೇ ಸೂರಿನಡಿ ತಂದ. ಕಿಟಕಿಗೆ ನೊಣದ ಬಲೆ, ಗೋಡೆಗೆ ಉಷ್ಣಮಾಪಕ, ಹೊಸ್ತಿಲಲ್ಲಿ ಕಾಲು ಅದ್ದಲು ಬ್ಲೀಚಿಂಗ್ ಪುಡಿಯ ನೀರು. ಬಾಗಿಲ ಮೇಲೆ ತಾನೇ ನಿಂತು ಕೆಂಪು ಬಣ್ಣದಲ್ಲಿ ಬರೆಸಿದ ಬೋರ್ಡು: 'ಹೊರಗಿನವರಿಗೆ ಪ್ರವೇಶವಿಲ್ಲ.'

ಆ ಬೋರ್ಡಿಗೆ ಊರು ನಡೆದುಕೊಂಡ ರೀತಿ ಅವನಿಗೆ ಹೆಮ್ಮೆಯ ವಿಷಯ. ಬೀಡಿ ಸೇದಿದ ಗಂಡಸರನ್ನು ಹೆಂಗಸರು ಅಂಗಳಕ್ಕೂ ಬಿಡುತ್ತಿರಲಿಲ್ಲ. ಹೂ ಮುಡಿದು ಬಂದ ಸೊಸೆಯರು ಹೂವನ್ನು ಹೊರಗಿನ ಮೊಳೆಗೆ ಸಿಕ್ಕಿಸಿ ಒಳಗೆ ಹೋಗುತ್ತಿದ್ದರು. ಊದುಬತ್ತಿಯ ಹೊಗೆ ಹುಳುವಿಗೆ ಆಗದು ಎಂದದ್ದಕ್ಕೆ ದೇವರ ಪಟವನ್ನೇ ಎತ್ತಿ ಹುಣಸೆಮರದ ಬುಡಕ್ಕೆ ಸಾಗಿಸಿದ್ದರು. ಅವನು ಗೆಲ್ಲಲಾಗದೆ ಬಿಟ್ಟದ್ದು ಒಂದೇ ಒಂದನ್ನು, ಕೈಗುಣವನ್ನು.

ನಾಲ್ಕನೇ ಜ್ವರದಿಂದ ಎದ್ದ ಹುಳುವಿಗೆ ಮೊದಲ ಸೊಪ್ಪನ್ನು ಕೈಗುಣವಿದ್ದವರೇ ಕೊಡಬೇಕು. ಅದು ಆ ದೊಡ್ಡಿಯ ನಡವಳಿಕೆ. ಹೋದ ವರ್ಷ, ಸಂಸ್ಥೆಗೆ ನೆರವು ಕೊಡುವ ಯೂರೋಪಿನವರ ಪರವಾಗಿ ಕೆಲಸ ನೋಡಲು ಮಾರ್ಗ್ರೀತ್ ಎಂಬ ಹೆಂಗಸು ಬಂದಿದ್ದಳು. ಕೆಂಪು ಮುಖ, ಬೆಂಗಳೂರಿನಲ್ಲಿ ಕೊಂಡ ಹತ್ತಿಯ ಲಂಗ, ಕಾಲಲ್ಲಿ ರಬ್ಬರ್ ಚಪ್ಪಲಿ. ಅಂದು ಮುನಿಯಮ್ಮನ ಹುಳು ಆಗಷ್ಟೇ ಎದ್ದಿದ್ದವು. "ಬಂದವ್ರ ಕೈಲೇ ಕೊಡಿಸ್ಬುಡಾನ," ಎಂದು ಮುನಿಯಮ್ಮ ಸೊಪ್ಪು ಕೊಟ್ಟಳು. ಅದು ದೊಡ್ಡಿಯಲ್ಲಿ ಯಾರೂ ಕಂಡಿರದಂಥ ಬೆಳೆಯಾಯಿತು. ಗೂಡು ಒತ್ತಿದರೆ ಕಲ್ಲಿನ ಹಾಗಿತ್ತು. ಮೊಟ್ಟೆಯ ತಳಿ ಒಳ್ಳೆಯದಿತ್ತು, ಕಾರ್ತಿಕದ ತಂಪಿತ್ತು, ಸೊಪ್ಪು ಎಳೆಯದಿತ್ತು ಎಂದು ಶಶಿಕಿರಣ್ ವಿವರಿಸಿದ. ಹೆಂಗಸರು ತಲೆಯಾಡಿಸಿ ಕೇಳಿ, ಕೊನೆಗೆ, "ಅದೆಲ್ಲಾ ಸರಿ ಸಾ, ದೊರೆಸಾನಿ ಕೈಗುಣ," ಎಂದರು.

ಅಷ್ಟಕ್ಕೆ ಬಿಟ್ಟಿದ್ದರೆ ಆಗುತ್ತಿತ್ತು. ಬೆಂಗಳೂರಿನ ಕಚೇರಿಯಲ್ಲಿ ಯೋಜನೆಯ ಮುಖ್ಯಸ್ಥೆ ದಿವ್ಯ, ವಾರ್ಷಿಕ ಪುಸ್ತಿಕೆಗೆ ಏನಾದರೂ ಹೃದಯ ಮುಟ್ಟುವಂಥದ್ದು ಬೇಕೆಂದಾಗ ಇದನ್ನೇ ಬರೆದು ಕೊಟ್ಟವನು ಅವನು. ಪುಸ್ತಿಕೆ ಸಮುದ್ರ ದಾಟಿತು. ಮಾರ್ಗ್ರೀತ್ ಓದಿದಳು. ತನ್ನ ಕೈಗೆ ಅಂಥ ಗುಣವಿದೆಯೆಂದು ಯಾರಾದರೂ ಅಂದುಕೊಂಡದ್ದು ಆಕೆಯ ಬಾಳಿನಲ್ಲಿ ಬಹುಶಃ ಮೊದಲ ಸಲ.

ಸುಣ್ಣ ಉದುರಿಸಿ ಹೊರಗೆ ಬಂದು ಕೈ ತೊಳೆಯುತ್ತಿರುವಾಗ ದಿವ್ಯಳ ಫೋನು ಬಂತು.

"ಮಾರ್ಗ್ರೀತ್ ನಾಳೇನೇ ಬರ್ತಾರೆ, ಶಶಿ. ಮೊಜಾಂಬಿಕ್‌ನಿಂದ ಬಂದು ಇಳಿದಿದ್ದಾರೆ, ನಾಡಿದ್ದು ವಾಪಸ್ಸು. ಎರಡನೇ ಹಂತಕ್ಕೆ ದುಡ್ಡು ಕೊಡೋದಾ ಬೇಡ್ವಾ ಅನ್ನೋದು ಅವರ ಮಾತಿನ ಮೇಲಿದೆ."

"ನಾಳೆ ಬೇಡ ಮೇಡಂ. ಹುಳು ಜ್ವರದಿಂದ ಏಳೋ ದಿನ. ಮುಂದಿನ ವಾರ ಗೂಡು ಕಟ್ಟಿದ ಮೇಲೆ ಬಂದ್ರೆ..."

"ಮುಂದಿನ ವಾರ ಅವರು ಬೇರೆ ದೇಶದಲ್ಲಿ ಇರ್ತಾರೆ."

"ಹಾಗಾದ್ರೆ ಕಿಟಕಿಯಿಂದ ನೋಡಲಿ. ಬಲೆಯಿಂದ ಎಲ್ಲ ಚೆನ್ನಾಗಿ ಕಾಣುತ್ತೆ."

"ಅಷ್ಟು ದೂರದಿಂದ ಬಂದವರಿಗೆ ಕಿಟಕೀಲಿ ಇಣುಕಿ ಅಂತ ನೀನೇ ಹೇಳ್ತೀಯಾ? ನನ್ನ ಕೈಲಿ ಆಗಲ್ಲಪ್ಪ. ಕಾಲು ತೊಳೆಸು, ಕೈ ತೊಳೆಸು, ನಿನ್ನ ನಿಯಮ ಏನಿದೆಯೋ ಮಾಡಿಸು."

ಅವನು ಸರಿ ಎಂದ. ಹೊರಗಿನಿಂದ ಬರುವ ಅಪಾಯವೆಂದರೆ ರೋಗಾಣು. ಅದಕ್ಕೆ ಬ್ಲೀಚಿಂಗ್ ನೀರು ಸಾಕು. ಲೆಕ್ಕದಲ್ಲಿ ತಪ್ಪೇನೂ ಕಾಣಲಿಲ್ಲ. ಆದರೂ ಒಳಗೆ ಹೋಗಿ ಸುದ್ದಿ ಹೇಳುವಾಗ, ಯಾರಾದರೂ ಒಬ್ಬರು ಬೇಡ ಎನ್ನಲಿ ಎಂದು ಅವನ ಮನಸ್ಸು ಆಸೆಪಟ್ಟಿತು. ಹೆಂಗಸರು ಕುಣಿದಾಡುವುದೊಂದು ಬಾಕಿ.

ಮುನಿಯಮ್ಮ ಮಾತ್ರ ಕುಣಿಯಲಿಲ್ಲ. ಕಣ್ಣು ಮುಚ್ಚಿ ಹುಣಸೆಮರದ ಕಡೆ ಕೈ ಮುಗಿದಳು. ಅದರ ಕಾರಣ ಶಶಿಕಿರಣನಿಗೆ ಗೊತ್ತಿತ್ತು. ಬಿಡದಿಯ ಕಾರು ಕಾರ್ಖಾನೆಗೆ ಬಿಡಿಭಾಗ ಮಾಡುವ ಒಂದು ಕಂಪನಿ ಆ ಸರಹದ್ದಿನಲ್ಲಿ ಜಾಗ ಹುಡುಕುತ್ತಿತ್ತು. ಹಿಂದಿನ ಜಮೀನಿನವರು ಆಗಲೇ ಒಪ್ಪಿದ್ದರು. ರಸ್ತೆಗೆ ಮುಖ ಮಾಡಿದ್ದು ಮುನಿಯಮ್ಮನ ಹಿಪ್ಪುನೇರಳೆ ತೋಟ. ಅದು ಸಿಗದೆ ಹಿಂದಿನದಕ್ಕೆ ದಾರಿಯಿಲ್ಲ. ದೊಡ್ಡಿಯ ಅರ್ಧ ತೋಟಗಳಿಗೆ ನೀರು ಹರಿಯುವ ಕೊಳವೆಬಾವಿಯೂ ಅದರಲ್ಲೇ. ಹುಳುಮನೆ ನಿಂತಿದ್ದದ್ದೂ ಅದರ ಮೂಲೆಯಲ್ಲೇ. ಅವಳ ಗಂಡ ಗಂಗಹನುಮಯ್ಯ ಒಂದು ವರ್ಷದಿಂದ ಅತ್ತ ಇತ್ತ ವಾಲುತ್ತಿದ್ದ. ಹೋದ ತಿಂಗಳು ಶಶಿಕಿರಣನ ಎದುರಿಗೇ ಹೇಳಿದ್ದ:

"ನೋಡೇ, ಈ ಬೆಳೆ ನೋಡ್ತೀನಿ. ಗೂಡು ಚೆಂದಾಗ್ ಬಂದ್ರೆ ತೋಟ ನಿಂದೇ ಕನ, ನಾನು ತುಟಿ ಪಿಟಕ್ ಅನ್ನಕಿಲ್ಲ. ಕೆಡ್ತೋ, ನೀನೂ ಅನ್ನಂಗಿಲ್ಲ. ಸಾ, ನೀವೇ ಸಾಕ್ಸಿ."

ಸಾಕ್ಷಿಯಾಗಿ ಶಶಿಕಿರಣ್ ಒಂದು ಲೋಟ ಕಾಫಿ ಕುಡಿದಿದ್ದ.

ಮಾರನೆಯ ದಿನ ಹುಳುಗಳು ಒಂದೇ ಮನಸ್ಸು ಮಾಡಿದಂತೆ ಎದ್ದಿದ್ದವು. ಬೂದು ಮೈ, ಅಗಲ ಮೂತಿ, ಹಸಿವಿನಿಂದ ತಟ್ಟೆಯ ಅಂಚಿಗೆ ಬಂದು ಗಾಳಿಯಲ್ಲಿ ಸೊಪ್ಪು ಹುಡುಕುತ್ತಿದ್ದವು. ಎರಡು ಜೀಪು ಬಂದವು; ದಿವ್ಯಳೂ ಜೊತೆಗೆ ಬಂದಿದ್ದಳು. ಮಾರ್ಗ್ರೀತ್ ಈ ಸಲ ಲಂಗದಲ್ಲಿರಲಿಲ್ಲ. ಮರಳು ಬಣ್ಣದ ತುಂಬುತೋಳಿನ ಅಂಗಿ, ಅದೇ ಬಣ್ಣದ, ತುಂಬ ಜೇಬುಗಳ ಪ್ಯಾಂಟು. ಆಫ್ರಿಕದ ಕೆಲಸದಿಂದ ನೇರ ಬಂದಿದ್ದಳಂತೆ. ಜೀಪಿಳಿದವಳೇ ಮುನಿಯಮ್ಮನನ್ನು ಗುರುತಿಸಿ ತಬ್ಬಿಕೊಂಡಳು.

"ಬಡವಾಗ್ಬುಟ್ಟವ್ಳೆ ದೊರೆಸಾನಿ," ಎಂದಳು ಮುನಿಯಮ್ಮ.

"ಗಂಡುಸ್ರ ಬಟ್ಟೆ ಆಕ್ಕಂಡ್ ಬಂದವ್ಳೆ. ಮನೇಲಿ ಯಜಮಾನ್ರು ಏನ್ ಸುತ್ಕಂಡವ್ರೋ," ಎಂದಳು ಚೌಡಮ್ಮ. ಏನೆಂದರು ಎಂದು ಮಾರ್ಗ್ರೀತ್ ಕೇಳಿದಳು. ನಿಮ್ಮ ಬಟ್ಟೆ ಚೆನ್ನಾಗಿದೆ ಅಂತಾರೆ ಎಂದು ದಿವ್ಯ ಹೇಳಿದಳು.

ಶಶಿಕಿರಣ್ ತನ್ನ ನಿಯಮವನ್ನು ಕಟ್ಟುನಿಟ್ಟಾಗಿ ನಡೆಸಿದ. ಬೂಟು ಬಿಚ್ಚಿಸಿದ, ಬ್ಲೀಚಿಂಗ್ ನೀರಿನಲ್ಲಿ ಕಾಲು ಅದ್ದಿಸಿದ, ಮೊಣಕೈವರೆಗೆ ಸೋಪು ಹಚ್ಚಿಸಿ ಕೈ ತೊಳೆಸಿದ. ಸೆಂಟು ಹಾಕಿದ್ದೀರಾ ಎಂದು ಕೇಳಿದ. ಇಲ್ಲ. ಕೈಗೆ ಸೊಳ್ಳೆಯ ಮುಲಾಮು? ಅದೂ ಇಲ್ಲ. ಮಾರ್ಗ್ರೀತ್ ಅವನ ಶಿಸ್ತನ್ನು ದಿವ್ಯಳ ಬಳಿ ಹೊಗಳಿದಳು. ಮಡಿಸಿದ ತೋಳನ್ನು ಮತ್ತೆ ಇಳಿಸಿಕೊಂಡು ಒಳಗೆ ಹೋದಳು.

ಒಂದು ತಟ್ಟೆಗೆ ಸೊಪ್ಪು ಕೊಟ್ಟು ಫೋಟೊ ತೆಗೆದು ಹೊರಡುವುದೆಂದು ಅವನು ಯೋಚಿಸಿದ್ದ. ಚೌಡಮ್ಮ ಅಡ್ಡ ನಿಂತಳು. "ಮುನಿಯಕ್ಕುಂಗೆ ಮಾತ್ರ ಕೊಟ್ಟೋದ್ರೆ? ನಾವೇನ್ ಪಾಪ ಮಾಡಿದ್ದೋ? ಎಲ್ಲಾರ್ ತಟ್ಟೇಗೂ ಕೊಡ್ಲಿ." ಉಳಿದವರೂ ದನಿಗೂಡಿಸಿದರು. ಮಾರ್ಗ್ರೀತ್‌ಗೆ ವಿಷಯ ತಿಳಿದು ಕಣ್ಣು ಹನಿಗೂಡಿತು. ಸೊಪ್ಪಿನ ಕುಕ್ಕೆ ಬೇಡವೆಂದು, ತಬ್ಬುವಷ್ಟು ಸೊಪ್ಪನ್ನು ಮಗುವಿನಂತೆ ಎದೆಗೆ ಅವಚಿಕೊಂಡು, ಸಾಲಿನಿಂದ ಸಾಲಿಗೆ ನಡೆದಳು. ಮೇಲಿನ ತಟ್ಟೆ, ನಡುವಿನದು, ಕೆಳಗಿನದಕ್ಕೆ ಬಗ್ಗಿ. ತೋಳು ತಟ್ಟೆಯ ಅಂಚು ಸವರುತ್ತಿತ್ತು. ಯಾವುದೂ ತಪ್ಪದಂತೆ ಮುನಿಯಮ್ಮ ಹಿಂದೆಯೇ ನಡೆದು, "ಇದುಕ್ಕೊಂದೊಸಿ... ಇದುಕ್ಕೂ..." ಎಂದು ತೋರಿಸುತ್ತಿದ್ದಳು. ಹುಳುಗಳು ಸೊಪ್ಪಿಗೆ ಮುಗಿಬಿದ್ದವು. ಶಶಿಕಿರಣ್ ಕ್ಯಾಮೆರಾ ಹಿಡಿದಿದ್ದ.

ಊಟ ಹುಣಸೆಮರದ ಕೆಳಗೆ. ಮುದ್ದೆ, ಅವರೆಕಾಳಿನ ಸಾರು, ಮಾರ್ಗ್ರೀತ್‌ಗೆಂದು ಬಿಡದಿಯಿಂದ ತರಿಸಿದ ತಟ್ಟೆ ಇಡ್ಲಿ. ಅದು ಮಾವಿನ ಕಾಲ. ನೊಣಗಳ ಕಾಟ ಹೇಳತೀರದು. ಎಲ್ಲರೂ ಎಡಗೈ ಬೀಸುತ್ತಲೇ ಉಣ್ಣುತ್ತಿದ್ದರು.

"ನೋಡ್ರಕ್ಕ," ಎಂದಳು ಚೌಡಮ್ಮ, "ನೊಣಾನೂ ದೊರೆಸಾನಿಗೆ ಎದರ್ತವೆ. ನಮ್ ಎಲೇಲಿ ಜಾತ್ರೆ, ಆಯಮ್ಮುನ್ ತಾವ ಒಂದೂ ಇಲ್ಲ."

ಎಲ್ಲರೂ ನಕ್ಕರು. ಶಶಿಕಿರಣನೂ ನಗುತ್ತ ಆ ಕಡೆ ನೋಡಿದ. ಒಂದು ನೊಣ ಮಾರ್ಗ್ರೀತ್‌ಳ ತೋಳಿನ ಮೇಲೆ ಕೂತಿತು. ಎರಡು ಹೆಜ್ಜೆ ನಡೆಯಿತು. ಹಾರಲು ಹೋಗಿ ವಾಲಿತು. ಆಮೇಲೆ ಚಾಪೆಯ ಮೇಲೆ ಬೆನ್ನಡಿಯಾಗಿ ಬಿದ್ದು, ಕಾಲು ಕೆದರುತ್ತ, ಒಂದೇ ಜಾಗದಲ್ಲಿ ಗಿರಗಿರನೆ ತಿರುಗಿತು.

ಅವನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

"ನಿಮ್ಮ ಬಟ್ಟೆಗೆ ಏನಾದರೂ ಹಾಕಿದ್ದಾರಾ?" ಎಂದು ಇಂಗ್ಲಿಷಿನಲ್ಲಿ ಕೇಳಿದ.

ಮಾರ್ಗ್ರೀತ್ ಸಂತೋಷದಿಂದ ತೋಳು ಚಾಚಿದಳು. ಹೊಸ ಬಟ್ಟೆ. ಮಲೇರಿಯಾ ಇರುವ ದೇಶಗಳಿಗೆ ಹೋಗುವ ಸಿಬ್ಬಂದಿಗೆಲ್ಲ ಈಗ ಇದನ್ನೇ ಕೊಡುತ್ತಾರಂತೆ. ನೂಲಿಗೇ ಕೀಟನಾಶಕ ಹಿಡಿಸಿದೆ. ವಾಸನೆಯಿಲ್ಲ, ಮನುಷ್ಯರಿಗೆ ಏನೂ ಆಗದು, ಎಷ್ಟು ಸಲ ಒಗೆದರೂ ಹೋಗದು. "ಇಲ್ಲಿಗೂ ತರಿಸಬಹುದು," ಎಂದಳು.

ಆ ವಸ್ತು ಅವನಿಗೆ ಗೊತ್ತಿತ್ತು. ಸೇವಂತಿಗೆ ಜಾತಿಯ ಒಂದು ಹೂವಿನ ವಿಷವನ್ನು ನೋಡಿ ಪ್ರಯೋಗಾಲಯದಲ್ಲಿ ಮಾಡಿದ ವಿಷ. ಮನುಷ್ಯನ ಮೈ ಅದನ್ನು ಒಡೆದು ಹಾಕುತ್ತದೆ; ಕೀಟದ ನರ ಒಮ್ಮೆ ಹಿಡಿದದ್ದನ್ನು ಬಿಡುವುದಿಲ್ಲ. ರೇಷ್ಮೆ ಹುಳು ಕೂಡ ಕೀಟವೇ, ಅದೂ ಸಾವಿರಾರು ವರ್ಷ ಮನುಷ್ಯನ ಮನೆಯಲ್ಲಿ ಬೆಳೆದು ಯಾವ ವಿಷಕ್ಕೂ ಒಗ್ಗದ ಕೀಟ. ಪರೀಕ್ಷೆಯಲ್ಲಿ ಈ ಪ್ರಶ್ನೆಗೆ ಅವನು ಎರಡು ಪುಟ ಬರೆದಿದ್ದ.

ಎಂಜಲು ಕೈಯಲ್ಲೇ ಓಡಿದ. ಹುಳುಮನೆಯ ಬಾಗಿಲಲ್ಲಿ ನಿಂತಾಗ ಒಳಗಿನಿಂದ ಸದ್ದೇ ಇರಲಿಲ್ಲ. ಎದ್ದ ಹುಳು ಮಳೆ ಸುರಿದಂತೆ ಸದ್ದು ಮಾಡಿ ಮೇಯುವ ಹೊತ್ತಿನಲ್ಲಿ ಆ ಮನೆ ಮೌನವಾಗಿದ್ದದ್ದನ್ನು ಅವನು ಹಿಂದೆ ಕಂಡಿರಲಿಲ್ಲ. ತಟ್ಟೆಗಳಲ್ಲಿ ಸೊಪ್ಪು ಹಾಗೇ ಇತ್ತು. ಹುಳುಗಳು ತಲೆಯನ್ನು ಎಡಕ್ಕೂ ಬಲಕ್ಕೂ ತೂಗುತ್ತಿದ್ದವು. ಬಾಯಿಂದ ಹಸಿರು ರಸ ಸುರಿದು ಎದೆಯೆಲ್ಲ ಒದ್ದೆ. ಕೆಲವು ಆಗಲೇ ಮುದುರಿ, ತಮ್ಮ ಅರ್ಧ ಉದ್ದಕ್ಕೆ ಕುಗ್ಗಿದ್ದವು.

"ಸೊಪ್ಪು ತೆಗೀರಿ! ಎಲ್ಲಾ ಸೊಪ್ಪು ತೆಗೀರಿ!"

ಹೆಂಗಸರು ನುಗ್ಗಿದರು. ಸೊಪ್ಪು ತೆಗೆದರು, ಕಿಟಕಿ ತೆರೆದರು, ಕೆಡದ ಹುಳುಗಳನ್ನು ಒಂದೊಂದಾಗಿ ಆರಿಸಿ ಹೊಸ ತಟ್ಟೆಗೆ ಹಾಕಿದರು. ಆರಿಸಿ ಇಟ್ಟ ಹುಳುಗಳೂ ಸ್ವಲ್ಪ ಹೊತ್ತಿಗೆ ತಲೆ ತೂಗತೊಡಗಿದವು. ಅದು ಹಾಗೇ ಆಗುತ್ತದೆಂದು ಗೊತ್ತಿದ್ದೂ ಶಶಿಕಿರಣ್ ಆರಿಸುತ್ತಲೇ ಇದ್ದ. ಕೈ ನಿಲ್ಲಿಸಿದರೆ ಯಾರ ಮುಖವನ್ನಾದರೂ ನೋಡಬೇಕಾಗುತ್ತಿತ್ತು.

ಹೊರಗೆ ಮಾರ್ಗ್ರೀತ್ ಜೀಪಿಗೆ ಒರಗಿ ನಿಂತಿದ್ದಳು. ಒಳಗೆ ಹೋಗಿ ಸಹಾಯ ಮಾಡಲೇ ಎಂದು ಕೇಳಿದ್ದಳು; ದಿವ್ಯ ತಡೆದಿದ್ದಳು. ದಿವ್ಯ ಶಶಿಕಿರಣನನ್ನು ಪಕ್ಕಕ್ಕೆ ಕರೆದಳು.

"ಬಟ್ಟೆಯಿಂದಲೇ ಅಂತ ಪ್ರೂವ್ ಆಗಿಲ್ಲ, ಅಲ್ವಾ? ಅಕ್ಕಪಕ್ಕದ ತೋಟದಲ್ಲಿ ಔಷಧಿ ಹೊಡೆದಿರಬಹುದು. ಈಗಲೇ ಏನೂ ಹೇಳಬೇಡ. ಮಾರ್ಗ್ರೀತ್ ಒಂದು ನಿರ್ಧಾರ ಮಾಡಬೇಕಾದ ದಿನ ಇದು."

"ಹೇಳದಿದ್ರೆ ಈ ಹೆಂಗಸರು ಯಾರನ್ನ ದೂರ್ತಾರೆ ಗೊತ್ತಾ ಮೇಡಂ?"

ಅವಳಿಗೆ ಗೊತ್ತಿರಲಿಲ್ಲ. ಅವನಿಗೆ ಗೊತ್ತಿತ್ತು, ಏಕೆಂದರೆ ಒಳಗೆ ಆಗಲೇ ಶುರುವಾಗಿತ್ತು. ಯಾರು ಮೈಲಿಗೆಯಲ್ಲಿ ಬಂದಿರಿ? ಯಾರು ತಲೆಗೆ ಎಣ್ಣೆ ಹಚ್ಚಿದ್ದಿರಿ? ದೊರೆಸಾನಿ ಸೊಪ್ಪು ಕೊಡುವಾಗ ಹಿಂದೆಯೇ ಮುಟ್ಟಿಕೊಂಡು ಬಂದವರು ಯಾರು? ಕಣ್ಣುಗಳು ಒಂದೊಂದಾಗಿ ಮುನಿಯಮ್ಮನ ಕಡೆ ತಿರುಗುತ್ತಿದ್ದವು. ಅವಳು ತನ್ನ ಕೈಗಳನ್ನು ತಾನೇ ಮಗುಚಿ ನೋಡಿಕೊಳ್ಳುತ್ತ ತಟ್ಟೆಗಳ ನಡುವೆ ಕೂತಿದ್ದಳು.

ಶಶಿಕಿರಣ್ ಒಳಗೆ ಹೋಗಿ ಎಲ್ಲವನ್ನೂ ಹೇಳಿದ. ಅಂಗಿ, ನೂಲಿಗೆ ಹಿಡಿಸಿದ ವಿಷ, ಎದೆಗೆ ಅವಚಿದ ಸೊಪ್ಪು, ಚಾಪೆಯ ಮೇಲೆ ಬಿದ್ದ ನೊಣ. ಹುಳುಮನೆಯಲ್ಲಿ ಅವನು ಅದುವರೆಗೆ ಕೊಟ್ಟ ಪಾಠಗಳಲ್ಲೆಲ್ಲ ಅತ್ಯಂತ ಸ್ಪಷ್ಟವಾದದ್ದು ಅದೇ.

"ಆಯಮ್ಮುಂಗ್ ಗೊತ್ತಿತ್ತಾ?" ಎಂದಳು ಮುನಿಯಮ್ಮ ಕೊನೆಗೆ.

"ಇಲ್ಲ. ರೇಷ್ಮೆಗೂ ಅದಕ್ಕೂ ಸಂಬಂಧ ಇದೆ ಅಂತ ಆಕೆಗೆ ಹೊಳೆದಿಲ್ಲ."

"ನಿಮ್ಗೆ?"

"ನಾನು ಕೈ ಕೇಳ್ದೆ. ಬಟ್ಟೆ ಕೇಳ್ಲಿಲ್ಲ."

ಮುನಿಯಮ್ಮ ತಲೆಯಾಡಿಸಿದಳು. ಸಿಟ್ಟಿರಲಿಲ್ಲ, ಇದ್ದಿದ್ದರೆ ಅವನಿಗೆ ಸುಲಭವಾಗುತ್ತಿತ್ತು. "ಸೊಪ್ಪು ತಂದ್ ತಬ್ಬುಸ್ದೋಳು ನಾನೇ. ಅದ್ ಬುಡಿ. ಒಂದ್ ಮಾತ್ ಕೇಳ್ತೀನಿ ಸಾ. ನಮ್ ಸೊಸೆದೀರ್ ಹೂವ ತಗ್ಸುದ್ರಿ. ದೇವ್ರ್ ಪಟಾನೇ ಒರುಕ್ ಕಳ್ಸುದ್ರಿ. ನಾವು ಉಂ ಅಂದೋ. ಆಯಮ್ಮುಂಗೆ ಒಳೀಕ್ ಬರ್ಬ್ಯಾಡಿ ಅನ್ನಕ್ಕೆ ನಿಮ್ಗೆ ಬಾಯಿ ಬರ್ನಿಲ್ವಾ?"

ಅವನು ಬೋರ್ಡಿನ ಕಡೆ ನೋಡಿದ. ಅವಳೂ ನೋಡಿದಳು.

"ನಾವೂ ಅಂಗೇ ಅಂದ್ಕಂಡಿದ್ದೋ," ಎಂದಳು. "ಅದ್ ನಮ್ಗ್ ಮಾತ್ರ ಬರ್ಸಿರದು ಅಂತ."

ಸಂಜೆಯ ಹೊತ್ತಿಗೆ ಹುಳುಗಳನ್ನೆಲ್ಲ ಗುಂಡಿ ತೋಡಿ ಹಾಕಿ ಮೇಲೆ ಸುಣ್ಣ ಸುರಿದರು. ಗಂಗಹನುಮಯ್ಯ ಬಂದು ಗುಂಡಿಯ ಅಂಚಿನಲ್ಲಿ ನಿಂತು ನೋಡಿದ. ಸನಿಕೆ ತೆಗೆದುಕೊಂಡು ತಾನೂ ಮಣ್ಣು ಎಳೆದ. ಹೋಗುವಾಗ ಶಶಿಕಿರಣನ ಪಕ್ಕದಲ್ಲಿ ಒಂದು ಗಳಿಗೆ ನಿಂತು, "ನೀವ್ ಸಾಕ್ಸಿ ಇದ್ರಲ್ಲ ಸಾ," ಎಂದ. ಅಷ್ಟೇ.

ನಷ್ಟಕ್ಕೆ ಸಂಸ್ಥೆ ಏನೋ ಕೊಟ್ಟಿತು. ಅದು ಆ ಬೆಳೆಗೆ ಸರಿಹೋಗುವಂತಿತ್ತು, ಗಂಡ ಹೆಂಡಿರ ನಡುವಿನ ಮಾತಿಗೆ ಸರಿಹೋಗುವಂತಿರಲಿಲ್ಲ. ಮುಂದಿನ ತಿಂಗಳೇ ಗಂಗಹನುಮಯ್ಯ ಕಂಪನಿಯ ಕಾಗದಕ್ಕೆ ಸಹಿ ಹಾಕಿದ. ಮುನಿಯಮ್ಮ ಪಕ್ಕದಲ್ಲಿ ಹೆಬ್ಬೆಟ್ಟು ಒತ್ತಿದಳು. ಜೇಸಿಬಿ ಬಂದು ಹಿಪ್ಪುನೇರಳೆಯನ್ನು ಬೇರು ಸಮೇತ ಕಿತ್ತು ಗುಡ್ಡೆ ಹಾಕಿತು. ಕೊಳವೆಬಾವಿ ಬೇಲಿಯೊಳಗೆ ಹೋದ ಮೇಲೆ ಉಳಿದವರ ತೋಟಗಳೂ ಒಂದೊಂದಾಗಿ ಒಣಗಿ ಕೈಬದಲಾದವು.

ದಿವ್ಯ ಕೊನೆಯ ವರದಿ ಸಿದ್ಧಪಡಿಸುತ್ತಿದ್ದಳು. ಅದರಲ್ಲಿ 'ಕಲಿತ ಪಾಠಗಳು' ಎಂಬ ಭಾಗ ಶಶಿಕಿರಣನ ಪಾಲಿಗೆ ಬಂತು. ಅವನು ಬಹಳ ಬರೆದ. ಎಲ್ಲವನ್ನೂ ಒಂದೇ ಸೂರಿನಡಿ ತರುವ ಮುಂಚೆ ಅದು ಹಿಂದೆ ಏಕೆ ಹರಡಿಕೊಂಡಿತ್ತು ಎಂದು ಕೇಳಬೇಕು. ಮೇಲಿನವರಿಗೆ ಹೇಳಲಾಗದ ನಿಯಮವನ್ನು ಕೆಳಗಿನವರಿಗೆ ಹೇಳಬಾರದು. ನೋಡಲು ಬರುವುದು ನೋಡುವವರ ಅಗತ್ಯ. ಅದರಿಂದ ಊರಿಗೆ ಆಗುವುದೇನು ಎಂದು ಲೆಕ್ಕ ಹಾಕಬೇಕು. ನಾವು ನಂಬದ ಕಥೆಯನ್ನು ಚೆನ್ನಾಗಿದೆಯೆಂದು ಬರೆದು ಕಳಿಸಬಾರದು. ಕಚೇರಿಯಲ್ಲಿ ತಿದ್ದಿ ಅಚ್ಚಾಗಿ ಬಂದಾಗ ಉಳಿದಿದ್ದದ್ದು ಒಂದು ವಾಕ್ಯ: ಕೀಟ ಸಾಕಣೆಯ ಯೋಜನೆಗಳಿಗೆ ಭೇಟಿ ನೀಡುವ ಸಿಬ್ಬಂದಿ ಕೀಟನಾಶಕ ಸವರಿದ ಉಡುಪು ಧರಿಸಬಾರದು. ಒಳ್ಳೆಯ ವಾಕ್ಯ, ನಿಜವಾದದ್ದು. ಎರಡನೇ ಹಂತವೂ ಮಂಜೂರಾಯಿತು, ಕನಕಪುರದ ಕಡೆ, ಮೇಕೆ ಸಾಕಣೆಗೆ. ಆ ವಾಕ್ಯ ಬೇಕಾಗುವ ಯೋಜನೆ ಸಂಸ್ಥೆಯ ಕೈಯಲ್ಲಿ ಒಂದೂ ಉಳಿದಿರಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಶಶಿಕಿರಣ್ ಚಿಕ್ಕೀರನದೊಡ್ಡಿಗೆ ಹೋಗಬೇಕಾಯಿತು. ಹುಳುಮನೆಯ ತಟ್ಟೆ, ಉಷ್ಣಮಾಪಕಗಳು ಸಂಸ್ಥೆಯ ಆಸ್ತಿ, ಎಣಿಸಿ ಪಟ್ಟಿ ಒಪ್ಪಿಸಬೇಕಿತ್ತು. ತೋಟವಿದ್ದ ಜಾಗಕ್ಕೆ ಆಳೆತ್ತರದ ಕಾಂಪೌಂಡು ಎದ್ದಿತ್ತು. ಗೇಟಿನಲ್ಲಿ, ಒಂದು ಅಳತೆ ದೊಡ್ಡದಾದ ನೀಲಿ ಸಮವಸ್ತ್ರದಲ್ಲಿ ಗಂಗಹನುಮಯ್ಯ ಕುರ್ಚಿ ಹಾಕಿಕೊಂಡು ಕೂತಿದ್ದ. ಅವನನ್ನು ಕಂಡು ಎದ್ದು ನಿಂತ.

"ಚೆಂದಾಗಿದ್ದೀರಾ ಸಾ? ಮದ್ವೆ ಆಯ್ತಾ?"

"ಇಲ್ಲ ಗಂಗಹನುಮಯ್ಯ. ಮುನಿಯಮ್ಮ?"

"ರಾಮನಗರುಕ್ ಓಯ್ತಾಳೆ, ಬೆಳಿಗ್ಗೆ ಟ್ರೈನಿಗೆ. ನೂಲು ತೆಗ್ಯೋ ಕಾರ್ಖಾನೇಲಿ ಗೂಡು ಬೇಯ್ಸೋ ಕೆಲ್ಸ." ತಾನೇ ಸೇರಿಸಿದ: "ಕೈಯೆಲ್ಲಾ ಬೊಬ್ಬೆ ಬಂದ್ಬುಟ್ಟವೆ. ಯಾರ್ದೋ ಗೂಡು ಚೆಂದಾಗಿದ್ರೆ ಬಂದ್ ಏಳ್ತಾಳೆ. ಇವತ್ತು ಮಾಗಡಿ ಗೂಡು, ಇವತ್ತು ಸೋಲೂರ್ ಗೂಡು, ಅಂತ."

ಶಶಿಕಿರಣ್ ತಾನು ಬಂದ ಕೆಲಸ ಹೇಳಿದ. ಗೇಟಿನ ಸಂದಿಯಿಂದ ದೂರದಲ್ಲಿ ಹುಳುಮನೆಯ ಹೆಂಚು ಕಾಣುತ್ತಿತ್ತು. ಕಿಟಕಿಯ ಬಲೆ ಹರಿದು ತೂಗುತ್ತಿತ್ತು.

ಗಂಗಹನುಮಯ್ಯ ಟೋಪಿ ತೆಗೆದು, ತಲೆ ಕೆರೆದುಕೊಂಡು, ಮತ್ತೆ ಇಟ್ಟುಕೊಂಡ. "ಒಳೀಕೆ ಬುಡಂಗಿಲ್ಲ ಸಾ. ಸಿಮೆಂಟ್ ಮೂಟೆ ಮಡಗವ್ರೆ ಅದ್ರಲ್ಲಿ."

"ಐದು ನಿಮಿಷ ಅಷ್ಟೆ. ನಾನೇ ಅಲ್ವಾ."

"ನೀವೇ ಕನ ಸಾ. ಅದ್ಕೇ ಏಳ್ತಾವ್ನಿ, ಬ್ಯಾರೆಯೋರ್ ಆಗಿದ್ರೆ ಈಟೊತ್ತು ಮಾತಾಡ್ತಿರ್ನಿಲ್ಲ." ದನಿಯಲ್ಲಿ ಹಗೆಯಿರಲಿಲ್ಲ. ಕುರ್ಚಿಯನ್ನು ಒರೆಸಿ ಅವನ ಕಡೆ ತಳ್ಳಿದ. "ಒಸಿ ಕೂತ್ಕಳಿ. ಬಿಸ್ಲು. ಬಸ್ಸು ಬರಾಗಂಟ ಇಲ್ಲೇ ಇರಿ."

ಶಶಿಕಿರಣ್ ಕುರ್ಚಿಯಲ್ಲಿ ಕೂತ. ಗಂಗಹನುಮಯ್ಯ ಗೇಟಿಗೆ ಬೆನ್ನು ಕೊಟ್ಟು ನಿಂತ. ಬಸ್ಸು ಬರುವವರೆಗೂ ಇಬ್ಬರೂ ರಸ್ತೆಯ ಕಡೆಗೇ ನೋಡುತ್ತಿದ್ದರು.